ಹದಿನೆಂಟು ಮೆಟ್ಟಿಲು

ಆ ಮೆಟ್ಟಿಲು ಬರೆದವನು ನಾನೇ.
ಕಟ್ಟಿದವರು ಯಾರೂ ಇಲ್ಲ.

ಹಿಂದಿನ ಗೋಡೆಗೆ ಆತುಕೊಂಡು ಒಂಬತ್ತು,
ಒಂದು ಕಟ್ಟೆ, ಹೊರಳಿ ಮತ್ತೆ ಒಂಬತ್ತು,
ಮೀಟರ್ ಅಗಲ, ಕಬ್ಬಿಣದ ಹಿಡಿಕೆ,
ನಡುವೆ ಒಂದು ಬಾಣ: ಮೇಲಕ್ಕೆ.
ಬಾಣ ಮೇಲಕ್ಕೇ ಬರೆಯುವುದು ನಮ್ಮ ರೂಢಿ.
ಇಳಿಯುವವರ ನೆನಪು
ಯಾವ ನಕ್ಷೆಯವನಿಗೂ ಬರುವುದಿಲ್ಲ.

"ಕಾಗದದಾಗ ಇರ್ಲಿ ಬಿಡ್ರಿ,
ಕಾಗದ ಏನ್ ಜಾಗಾ ತಿಂತೈತಿ?" ಅಂದಿದ್ದ ಧಣಿ.
ಮೂರು ಸಾವಿರ ಕೊಟ್ಟ, ಚಾ ಕುಡಿಸಿದ.
ಚಾ ಚಲೋ ಇತ್ತು.
ಪಟ್ಟಣ ಪಂಚಾಯಿತಿಯ ಮೇಜಿನ ಮೇಲೆ ಮೊಹರು
ಧಪ್ ಎಂದು ಬಿತ್ತು.
ಆ ಮೆಟ್ಟಿಲ ಮೇಲೆ ಇದುವರೆಗೆ ಬಿದ್ದ
ಒಂದೇ ಹೆಜ್ಜೆ ಅದು.

ಇವತ್ತು ಕೊಪ್ಪಳದ ಅಗ್ನಿಶಾಮಕ ಠಾಣೆಯಿಂದ
ಯಮನೂರಪ್ಪ ಸಾಹೇಬರು ಬಂದಿದ್ದಾರೆ,
ಬಗಲಲ್ಲಿ ನನ್ನದೇ ನಕ್ಷೆಯ ಸುರುಳಿ.
ಭಾಗ್ಯನಗರದ ಈ ಓಣಿಗೆ ಕೂದಲೇ ಕಸುಬು.
ಯಾರ್ಯಾರದೋ ಹಣಿಗೆಯಲ್ಲಿ ಉಳಿದದ್ದು,
ಪಿನ್ನಿಗೆ, ಟಿಕಳಿಗೆ, ಸ್ಟೀಲಿನ ಬಟ್ಟಲಿಗೆ ಮಾರಿದ್ದು
ಚೀಲಗಟ್ಟಲೆ ಬಂದು ಬೀಳುತ್ತದೆ,
ಸಿಕ್ಕು ಬಿಡಿಸಿಕೊಂಡು, ತೊಳೆಸಿಕೊಂಡು,
ಉದ್ದದ ಪ್ರಕಾರ ಜುಟ್ಟು ಕಟ್ಟಿಸಿಕೊಂಡು
ಹಡಗು ಹತ್ತುತ್ತದೆ.

ಮೇಲಿನ ಮಹಡಿಯಲ್ಲಿ ನಲವತ್ತೊಂದು ಹೆಂಗಸರು,
ಎಲ್ಲರ ಮುಂದೆ ಮೊಳೆಯ ಹಲಗೆ.
ಸಾಹೇಬರು ತಲೆ ಎಣಿಸಿದರು. ಕಿಟಕಿ ಎಣಿಸಿದರು:
ಆರು. ಐದಕ್ಕೆ ಜಾಳಿಗೆ,
ಆರನೆಯದರ ಮುಂದೆ ಚೀಲದ ಒಟ್ಟಿಲು.
ಕೆಂಪು ಸಿಲಿಂಡರಿನ ಮುಳ್ಳು ಸೊನ್ನೆಗೆ ಒರಗಿ ಮಲಗಿತ್ತು,
ಅದರ ಕೊರಳಿಗೆ ಯಾರದೋ ಬುತ್ತಿಯ ಚೀಲ.
ಮರಳಿನ ಬಕೀಟಿನ ತುಂಬ ಎಲೆಅಡಿಕೆಯ ಕೆಂಪು.

"ಎರಡನೇ ಮೆಟ್ಟಿಲು ಎಲ್ಲೈತ್ರಿ?"
ಧಣಿ ನನ್ನನ್ನು ನೋಡಿದ.
ನಾನು ನಕ್ಷೆ ನೋಡಿದೆ.
ನಕ್ಷೆ ಯಾರನ್ನೂ ನೋಡಲಿಲ್ಲ.

ಬಾಣ ಇರಬೇಕಾದ ಜಾಗದಲ್ಲಿ ಸಾಹೇಬರು
ಬೆರಳಿನ ಗೆಣ್ಣಿನಿಂದ ಗೋಡೆ ಬಡಿದರು,
ಪರವೂರಿನ ಬಾಗಿಲು ಬಡಿದ ಹಾಗೆ.

ದುರುಗವ್ವ ಬಾಚುತ್ತಲೇ, ತಲೆ ಎತ್ತದೆ ಅಂದಳು:
"ನಾ ಬಂದು ಹನ್ನೊಂದು ವರ್ಸಾತ್ರಿ,
ಗೋಡಿ ಗೋಡೀನ ಐತಿ.
ಬೆಂಕಿ ಬಿದ್ರ ಸೀರಿಗೆ ಸೀರಿ ಗಂಟ್ ಹಾಕಿ
ಇಳಿಯೂದಂತ ಮಾತಾಡ್ಕೊಂಡೀವಿ.
ಖಾಜಾಬಿ ಚೂಡಿದಾರದಾಕಿ, ಆಕೀದ ಒಂದ್ ಚಿಂತಿ ನಮಗ."
ಎಲ್ಲರೂ ನಕ್ಕರು. ಖಾಜಾಬಿ ಎಲ್ಲರಿಗಿಂತ ಜೋರಾಗಿ.
ಅವರ ಕೈ ಮಾತ್ರ ನಿಲ್ಲಲಿಲ್ಲ.

ಸಾಹೇಬರು ನಗಲಿಲ್ಲ.
ಒಂದು ಎಳೆ ಆರಿಸಿಕೊಂಡು ಬೀದಿಗೆ ಇಳಿದರು,
ಇರುವ ಒಂದೇ ಮೆಟ್ಟಿಲಿಂದ,
ಚರಂಡಿಯ ಆಚೆ ನಿಂತು ಕಡ್ಡಿ ಗೀರಿದರು.
ಚುರ್ ಎಂದು ಮುದುಡಿತು. ಧಣಿ ಮೂಗು ಮುಚ್ಚಿಕೊಂಡ.
"ಒಂದ್ ಎಳಿ," ಅಂದರು.
"ಬೆಂಕಿ ಆಮ್ಯಾಲ ಬರ್ತೈತಿ. ಹೊಗಿ ಮೊದ್ಲ ಬರ್ತೈತಿ."
ನೋಟಿಸಿನಲ್ಲಿ ಮೂವತ್ತು ದಿನ ಬರೆದರು.
ನನ್ನ ಸಹಿ ತೋರಿಸಿ, ಇದು ನಿಮ್ಮದೇ ಏನು ಎಂದು ಕೇಳಿದರು.
ನನ್ನದೇ.

ಸಂಜೆ ಟೇಪು ಹಿಡಿದು ಹಿತ್ತಿಲಿಗೆ ಹೋದೆ.
ನಮ್ಮ ಗೋಡೆಗೂ ಪಕ್ಕದವರ ಗೋಡೆಗೂ ನಡುವೆ
ಎರಡಡಿ ನಾಲ್ಕು ಇಂಚು.
ನನ್ನ ಸುಳ್ಳು ಅಲ್ಲಿ ಹಿಡಿಯುವುದೇ ಇಲ್ಲ,
ಸತ್ಯ ಮಾಡಲು ಮನಸ್ಸಿದ್ದರೂ.
ಮೆಟ್ಟಿಲು ಬರಬೇಕಾದರೆ ಧಣಿಯ ಕೋಣೆ ಒಡೆಯಬೇಕು,
ಎಸಿ, ಗಾಜಿನ ಮೇಜು, ಅವರ ತಂದೆಯ ಫೋಟೋ ಸಮೇತ.
ಹೇಳಿದೆ. ಅವನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ,
ಈ ಸಲ ಚಾ ಕೂಡ ಅನ್ನಲಿಲ್ಲ.

ಹಾಳೆ ಬಿಡಿಸಿಕೊಂಡು ಜಗಲಿಯಲ್ಲಿ ಕೂತಿದ್ದೆ.
ಪಾಳಿ ಮುಗಿಸಿ ಇಳಿದ ದುರುಗವ್ವ
ಸೆರಗಿಗೆ ಅಂಟಿದ ಎಳೆ ಕೊಡವುತ್ತ ನಿಂತಳು.
"ಎಷ್ಟ್ ಪಾವಟಿಗಿ ಬರೀತೀರಿ?"
"ಹದಿನೆಂಟು."
"ಎತ್ತರ ಆಗ್ತಾವ. ನಂದ್ ಮೊಣಕಾಲು.
ಸ್ವಲ್ಪ ಗಿಡ್ಡ ಮಾಡ್ರಿ."

ಅಳಿಸಿದೆ.
ಇಪ್ಪತ್ತೊಂದು ಮಾಡಿದೆ.